ಸಕ್ಕರೆ ಹಂಚಿದ ವಿಡಿಯೊ ಕಾಲ್

ಹೋದ ಭಾನುವಾರ ಮಧ್ಯಾಹ್ನ ನನ್ನ ಅಕ್ಕನ ಮಗಳು ಭಾಗ್ಯಾಳ ಮದುವೆ ನಿಶ್ಚಯವಾಯಿತು. ತಿಕೋಟಾದ ಬೀಗರಿಗೆ ಗೊತ್ತಾಯಿತು, ಸೊಲ್ಲಾಪುರದಲ್ಲಿ ಕುಳಿತ ಹುಡುಗನ ಕಾಕಾಗೆ ಗೊತ್ತಾಯಿತು, ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನನ್ನ ಅಡುಗೆಮನೆಯವರೆಗೂ ಸುದ್ದಿ ಬಂತು. ಭಾಗ್ಯಾಗೆ ಮಾತ್ರ ಗೊತ್ತಾಗಲಿಲ್ಲ.

ನಗಬೇಡಿ. ಅವಳೂ ಅದೇ ವಿಡಿಯೊ ಕಾಲ್‌ನಲ್ಲಿದ್ದಳು.

ಭಾಗ್ಯಾ ಇರುವುದು ಸಾರವಾಡದಲ್ಲಿ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆದರೆ ಮಾತಿಗೇನೂ ಕಡಿಮೆ ಇಲ್ಲ, ಅವಳ ಕೈ ಶುರುವಾಯಿತೆಂದರೆ ನಮ್ಮ ಬಾಯಿ ಮುಚ್ಚಬೇಕು. ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಬಬಲೇಶ್ವರದಿಂದ, ಕಾಖಂಡಕಿಯಿಂದ ಹೆಣ್ಣುಮಕ್ಕಳು ಬಟ್ಟೆ ಹಿಡಿದು ಬರುತ್ತಾರೆ. (ಇಷ್ಟು ದೊಡ್ಡ ವಿಜಯಪುರದಲ್ಲಿದ್ದುಕೊಂಡು ನಾನೂ ನನ್ನ ಬ್ಲೌಸ್ ಹೊಲಿಸಲು ಬಸ್ಸು ಹತ್ತುವುದು ಸಾರವಾಡಕ್ಕೇ.)

ಹುಡುಗ ಮಲ್ಲು, ತಿಕೋಟಾದವನು. ಅವನಿಗೂ ಕಿವಿ ಕೇಳುವುದಿಲ್ಲ. ಮನೆಯ ಮುಂದೆಯೇ ಬಡಿಗತನದ ಅಂಗಡಿ. ಬಾಗಿಲು, ಕಿಟಕಿ, ಕಪಾಟು ಮಾಡುತ್ತಾನೆ. ಅವರ ಮನೆಯವರು ಸಾರವಾಡಕ್ಕೆ ಬಂದು ಹುಡುಗಿ ನೋಡಿ ಹೋಗಿದ್ದರು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಉಳಿದದ್ದು ಹಿರಿಯರ ಮಾತುಕತೆ.

ಮಲ್ಲೂಗೆ ತಂದೆ ಇಲ್ಲ. ಮನೆಗೆ ಹಿರಿಯರೆಂದರೆ ಸೊಲ್ಲಾಪುರದ ಕಾಕಾ, ತಂದೆಯ ತಮ್ಮ. ಅವರದು ಬಟ್ಟೆ ಅಂಗಡಿ, ಲಗ್ನದ ಸೀಜನ್. ಊರವರ ಮದುವೆಗೆ ಸೀರೆ ಮಾರುವ ಗಡಿಬಿಡಿಯಲ್ಲಿ ಅಣ್ಣನ ಮಗನ ಮದುವೆಯ ಮಾತಿಗೆ ಬರಲು ಪುರಸೊತ್ತಿಲ್ಲ. ಹಾಗಾಗಿ ವಿಡಿಯೊ ಕಾಲ್ ಮಾಡೋಣ ಎಂದರು. ಯಾವ ಪ್ರೋಗ್ರಾಂನಲ್ಲಿ ಮಾಡಬೇಕು ಎಂದೂ ಅವರೇ ಹೇಳಿದರು.

ಹೆಸರು ಬೇಡ ಬಿಡಿ, ನಿಮ್ಮ ಫೋನಿನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಒಂದು ಕಂಪನಿಯದು. ಲಿಂಕ್ ಬರುತ್ತದೆ, ಒತ್ತುತ್ತೀರಿ, ಮುಖಗಳು ಎದುರಿಗೆ ಬಂದು ಕೂರುತ್ತವೆ. ಅದನ್ನು ಬೈಯುವ ಪೈಕಿ ನಾನಲ್ಲ. ನಮ್ಮ ಇಬ್ರಾಹಿಂಪುರದಲ್ಲಿ ರೈಲು ಹೋಗುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಈ ಪ್ರೋಗ್ರಾಂ ಆ ರೈಲಿನ ಸದ್ದನ್ನೇ ಸೋಸಿ ಬಿಸಾಡುತ್ತದೆ. ಹಿಂದಿನ ಗೋಡೆಯ ಮೇಲಿನ ಕಲೆ ಕಾಣದ ಹಾಗೆ ಮಾಡುತ್ತದೆ. ಮುಖಕ್ಕೆ ಒಂದಿಷ್ಟು ಪೌಡರನ್ನೂ ಹಚ್ಚುತ್ತದೆ. ಇನ್ನೇನು ಬೇಕು?

ಬೇಕಾದದ್ದು ಅದಕ್ಕೆ. ಅತ್ತೆಮನೆಗೆ ಬಂದ ಹೊಸ ಅಳಿಯನ ಹಾಗೆ ಮಾತು ಬಹಳ ಮೆದು, ಆದರೆ ಉಪಚಾರ ಒಂದಿಷ್ಟೂ ಕಡಿಮೆಯಾಗಬಾರದು. ಹೊಸ ಫೋನು ಬೇಕು, ಜೋರು ನೆಟ್ ಬೇಕು, ಒಳಗೆ ಬೇಕಾದಷ್ಟು ಜಾಗ ಬೇಕು.

ಭಾಗ್ಯಾಳ ಫೋನು ಹಳೆಯದು. ಹೊಲಿದು ಗಳಿಸಿದ ದುಡ್ಡಿನಲ್ಲಿ ಅವಳೇ ಕೊಂಡದ್ದು. ಭಾನುವಾರ ಬೆಳಿಗ್ಗೆ ಕಾಕಾ ಕಳಿಸಿದ ಲಿಂಕ್ ಒತ್ತಿದರೆ ಮೊದಲು ಅಪ್‌ಡೇಟ್ ಮಾಡು ಎಂದಿತು. ಅಪ್‌ಡೇಟ್‌ಗೆ ಹೋದರೆ ಜಾಗ ಇಲ್ಲ ಎಂದಿತು. ಜಾಗ ಮಾಡಿಕೊಡಲು ಅವಳು ಏನು ಅಳಿಸಿದಳು ಗೊತ್ತೇ? ತಾನು ಹೊಲಿದ ಬ್ಲೌಸುಗಳ ಫೋಟೊ. ಗಿರಾಕಿಗಳಿಗೆ ತೋರಿಸಲು ಕೂಡಿಟ್ಟಿದ್ದ ಕೊರಳಿನ, ತೋಳಿನ, ಬೆನ್ನಿನ ಡಿಸೈನುಗಳೆಲ್ಲ ಹೋದವು. ಮದುವೆ ಮಾತಲ್ಲವೇ, ಹೋದರೆ ಹೋಗಲಿ ಎಂದುಕೊಂಡಳಂತೆ.

ಮಧ್ಯಾಹ್ನ ಎಲ್ಲರೂ ಸೇರಿದೆವು. ಸಾರವಾಡದಲ್ಲಿ ಭಾಗ್ಯಾ, ಅಕ್ಕ ಮತ್ತು ಮಾಮಾ (ಅಕ್ಕನ ಗಂಡನಿಗೆ ನಾವು ಕರೆಯುವುದೇ ಹಾಗೆ). ತಿಕೋಟಾದಲ್ಲಿ ಮಲ್ಲು, ಅವನ ತಾಯಿ, ಓಣಿಯ ಹಿರಿಯರು. ಸೊಲ್ಲಾಪುರದಲ್ಲಿ ಕಾಕಾ. ಇಲ್ಲಿ ಲ್ಯಾಪ್‌ಟಾಪ್ ಮುಂದೆ ನಾನು. ಒಬ್ಬರು ಮಾತಾಡಿದ ಮೇಲೆ ಸ್ವಲ್ಪ ನಿಲ್ಲಬೇಕು, ಅಕ್ಕ ಅದನ್ನು ಕೈಸನ್ನೆಯಲ್ಲಿ ಮಗಳಿಗೆ ಹೇಳುತ್ತಾಳೆ ಎಂದು ಮೊದಲೇ ಮಾತಾಗಿತ್ತು. ಚಹಾ ಬರುವುದರೊಳಗೆ ಎಲ್ಲರೂ ಅದನ್ನು ಮರೆತರು.

ಮುಹೂರ್ತದ ಮಾತಾಯಿತು, ಊಟದ ಮಾತಾಯಿತು. ಆಮೇಲೆ ಕಾಕಾ ಕೇಳಿದರು. "ಲಗ್ನ ಆದಮ್ಯಾಲ ಹುಡುಗಿ ಅತ್ತಿನ್ನ ನೋಡ್ಕೊಂಡು ಮನಿಯಾಗ ಇದ್ರ ಸಾಕ್ರಿ. ಹೊಲಿಗಿ ಮಿಷನ್ ಸಾರವಾಡದಾಗ ಇರ್ಲಿ. ಹುಡುಗಿಗೆ ಒಪ್ಪಿಗಿ ಐತೇನ?"

ಅಕ್ಕನ ಕೈ ಆಡಿದ್ದು ಕಾಣಿಸಿತು. ಆಮೇಲೆ ಪರದೆಯ ಮೇಲೆ ಭಾಗ್ಯಾ ತಲೆ ತಗ್ಗಿಸಿದಳು. ಎತ್ತಲೇ ಇಲ್ಲ.

"ತಲಿ ತಗ್ಗಿಸ್ಯಾಳ ನೋಡ್ರಿ," ಅಂದರು ಕಾಕಾ. "ಒಪ್ಯಾಳ."

ನಮ್ಮ ಕಡೆ ಇದಕ್ಕಿಂತ ದೊಡ್ಡ ರುಜು ಇಲ್ಲ. ಮದುವೆ ಮಾತಿನಲ್ಲಿ ಹುಡುಗಿ ತಲೆ ತಗ್ಗಿಸಿದಳೆಂದರೆ ಮುಗಿಯಿತು, ಇನ್ನೊಮ್ಮೆ ಕೇಳುವುದು ಅಸಭ್ಯತನ. ತಿಕೋಟಾದ ಮನೆಯಲ್ಲಿ ಸಕ್ಕರೆಯ ತಾಟು ಬಂದೇ ಬಿಟ್ಟಿತು. ಒಬ್ಬರು ಇನ್ನೊಬ್ಬರ ಬಾಯಿಗೆ ಸಕ್ಕರೆ ಹಾಕಿದರು. ಸೊಲ್ಲಾಪುರದಲ್ಲಿ ಕಾಕಾ ತಮ್ಮ ಬಾಯಿಗೆ ತಾವೇ ಹಾಕಿಕೊಂಡರು. ನಾನು? ಎದ್ದು ಹೋಗಿ ಡಬ್ಬಿ ತೆರೆದು ಒಂದು ಚಿಟಿಕೆ ತಿಂದು ಬಂದೆ. ಕಣ್ಣಲ್ಲಿ ನೀರೂ ಬಂದಿತ್ತು. ಮಲ್ಲು ಮಾತ್ರ ಸಕ್ಕರೆ ತಿನ್ನದೆ ಫೋನಿನ ಹತ್ತಿರ ಮುಖ ತಂದು ಏನನ್ನೋ ನೋಡುತ್ತಿದ್ದ. ಹುಡುಗನಿಗೆ ನಾಚಿಕೆ ಎಂದುಕೊಂಡೆ.

ನಮ್ಮಲ್ಲಿ ಸಕ್ಕರೆ ತಿಂದ ಮೇಲೆ ಮಾತಿಲ್ಲ. ತಿಂದವರು ಹಿಂದೆ ಸರಿದರೆ ಊರು ಸುಮ್ಮನಿರುವುದಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಭಾಗ್ಯಾ ನಿಂತಿದ್ದಳು, ಹಿಂದೆ ಅಕ್ಕ. ಹುಡುಗಿಯ ಮುಖ ನೋಡಿಯೇ ನನಗೆ ಹೆದರಿಕೆಯಾಯಿತು. ಚಪ್ಪಲಿ ಬಿಡುವ ಮೊದಲೇ ಅವಳ ಕೈ ಶುರುವಾಯಿತು. ನಡೆದದ್ದು ಆಗ ಗೊತ್ತಾಯಿತು.

ಅವಳು ಫೋನನ್ನು ಮಷಿನ್ ಮೇಲೆ, ದಾರದ ಡಬ್ಬಿಗೆ ಆನಿಸಿ ಇಟ್ಟಿದ್ದಳು. ಮಾತು ನಡೆದಂತೆ ಅದು ಹಂಚಿನಂತೆ ಕಾದಿದೆ. ಕಾಕಾ ಕೇಳಿದ ಪ್ರಶ್ನೆಯನ್ನು ಅಕ್ಕ ಕೈಯಲ್ಲಿ ಹೇಳುವಷ್ಟರಲ್ಲಿ ಕಾಕಾನ ಮುಖ ಅಲ್ಲಾಡದೆ ನಿಂತಿದೆ. ಏನಾಯಿತು ಇದಕ್ಕೆ ಎಂದು ಭಾಗ್ಯಾ ಫೋನಿನತ್ತ ಬಾಗಿ ನೋಡಿದ್ದಾಳೆ. ಅಷ್ಟೇ. ಅಲ್ಲಿಗೆ ಅವಳ ಚಿತ್ರವೂ ನಿಂತಿತು. ನಮಗೆ ಕಂಡ ತಗ್ಗಿದ ತಲೆ ಅದೇ. ಆಮೇಲೆ ಅವಳು ತಲೆ ಎತ್ತಿ, ಕೈ ಎತ್ತಿ, ಮಷಿನ್ ಮುಟ್ಟಿ ಮುಟ್ಟಿ ತೋರಿಸಿ, ಆಗುವುದಿಲ್ಲ ಎಂದು ಉದ್ದಕ್ಕೂ ಹೇಳಿದ್ದಾಳೆ. ಅದೊಂದೂ ನಮ್ಮವರೆಗೆ ಬರಲಿಲ್ಲ. ಧ್ವನಿ ಮಾತ್ರ ಎರಡೂ ಕಡೆಯಿಂದ ಚೊಕ್ಕವಾಗಿ ಹೋಗಿ ಬರುತ್ತಿತ್ತು.

ಹಾಗಾದರೆ ಅಕ್ಕ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಹೇಳಲು ಹೊರಟಿದ್ದಳಂತೆ. ಅಷ್ಟರಲ್ಲಿ ಆ ಕಡೆ ಸಕ್ಕರೆಯ ಗದ್ದಲ ಕೇಳಿದೆ. ಮಾಮಾ ಅವಳ ಕೈ ಹಿಡಿದು, ಬೀಗರು ಸಕ್ಕರಿ ತಿಂದಾರ, ಈಗೇನ ಹೇಳ್ತಿ, ಸುಮ್ನಿರು ಎಂದಿದ್ದಾರೆ. ಕಾಕಾ ಅಂದದ್ದೂ ಸಕ್ಕರೆ ಹಂಚಿದ್ದೂ ಭಾಗ್ಯಾಗೆ ತಿಳಿದದ್ದು ರಾತ್ರಿ, ಅಕ್ಕ ಹೇಳಿದಾಗ. ಚಿತ್ರ ನಿಲ್ಲಿಸಿದ್ದು ಫೋನು. ಮಾತು ನಿಲ್ಲಿಸಿದ್ದು ಮಾಮಾ. ಫೋನನ್ನಾದರೂ ಆರಲು ಬಿಟ್ಟು ಮತ್ತೆ ಹಚ್ಚಬಹುದು.

ನಾನೂ ಸಕ್ಕರೆ ತಿಂದೆ ಎಂದು ಭಾಗ್ಯಾಗೆ ಹೇಳಿದೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಅವಳು ನನ್ನನ್ನೇ ನೋಡಿದಳು. ಹಾಗೆ ನೋಡುವುದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಗಿ ಚಹಾ ಮಾಡಲು ಎದ್ದೆ.

ಚಹಾ ಕುಡಿಯುತ್ತ ಅವಳು ಅದೇ ಫೋನಿನಲ್ಲಿ ಇನ್ನೊಂದು ಪ್ರೋಗ್ರಾಂ ತೆರೆದು ತೋರಿಸಿದಳು. ಅವಳೂ ಮಲ್ಲೂನೂ ದಿನಾ ಮಾತಾಡುವುದು ಅದರಲ್ಲಂತೆ. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಬಿಟ್ಟದ್ದು. ನೋಡಲು ಸಪ್ಪೆ. ಪೌಡರಿಲ್ಲ, ಗೋಡೆಯ ಕಲೆ ಕಲೆಯಾಗಿಯೇ ಕಾಣುತ್ತದೆ, ಮುಖ ಪಾಸ್‌ಪೋರ್ಟ್ ಫೋಟೊದಷ್ಟು. ಆದರೆ ಫೋನು ಕಾಯುವುದಿಲ್ಲ, ಕೈ ನಿಲ್ಲುವುದಿಲ್ಲ. ಅದರಲ್ಲಿ ಮೀಟಿಂಗ್ ತೆರೆಯುವಾಗ ಮಲ್ಲು ಧ್ವನಿಯನ್ನು ಪೂರ್ತಿ ಬಂದ್ ಮಾಡಿಯೇ ತೆರೆಯುತ್ತಾನೆ. ಅವರಿಬ್ಬರಿಗೆ ಧ್ವನಿ ಯಾತಕ್ಕೆ? ಇದ್ದಷ್ಟು ನೆಟ್ ಕೈಗಳಿಗೇ ಹೋಗಲಿ.

ಹಾಗಾದರೆ ಮದುವೆ ಮಾತನ್ನೂ ಇದರಲ್ಲೇ ಆಡಬಹುದಿತ್ತಲ್ಲ ಎಂದೆ. ನೀನೇ ಒಮ್ಮೆ ಒಳಗೆ ಬಂದು ನೋಡು ಎಂದು ಕೈ ಮಾಡಿದಳು. ನೋಡಿದೆ. ಇದರಲ್ಲಿ ಲಿಂಕ್ ಒತ್ತಿದರೆ ಮುಗಿಯುವುದಿಲ್ಲ. ಉದ್ದನೆಯ ವಿಳಾಸ ಹೊಡೆಯಬೇಕು, ಎಷ್ಟು ದೊಡ್ಡ ಚಿತ್ರ ಬೇಕು ಎಂದು ಆರಿಸಬೇಕು, ಎಲ್ಲೋ ಒಂದು ಕಡೆ ಹೂಂ ಅನ್ನಬೇಕು. ವಿಳಾಸದ ಜಾಗದಲ್ಲಿ ನಾನು ನನ್ನ ಮನೆಯ ವಿಳಾಸ ಹೊಡೆದೆ, ಓಣಿಯ ಸಮೇತ. ಭಾಗ್ಯಾ ಬಂದ ಮೇಲೆ ಮೊದಲ ಸಲ ನಕ್ಕಿದ್ದು ಆಗ. ನಿಜ ಹೇಳಬೇಕೆಂದರೆ, ಇಂಥದ್ದನ್ನು ಮಾಡುವವರು ಬಳಸುವವರ ಬಗ್ಗೆಯೂ ಕೊಂಚ ಯೋಚಿಸಬೇಕು. ಪುಕ್ಕಟೆ ಕೊಟ್ಟ ಮಾತ್ರಕ್ಕೆ ತಲೆನೋವನ್ನೂ ಕೊಡಬೇಕೇ?

ಆದರೆ ಒಂದು ಪ್ರಶ್ನೆ ಆಮೇಲೂ ತಲೆಯಲ್ಲಿ ಉಳಿಯಿತು. ಫೋನು ದಣಿದಾಗ, ನೆಟ್ ಸಾಲದಾದಾಗ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಯಾರು ತೀರ್ಮಾನಿಸಿದ್ದು? ಧ್ವನಿ ಇರಲಿ, ಚಿತ್ರ ಹೋಗಲಿ ಎಂದು ಕಂಪನಿಯವರು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ನಿಮಗೂ ನನಗೂ ಅದೇ ಸರಿ. ಕೈಯೇ ಮಾತಾಗಿರುವ ಮನೆಯಲ್ಲಿ? ಅಲ್ಲಿ ಅದು ಹುಡುಗಿಯ ಬಾಯಿಗೆ ಬಟ್ಟೆ ತುರುಕಿದಂತೆ. ಬದಲಾಯಿಸಿಕೊಳ್ಳೋಣ ಎಂದರೆ ಅದರ ಒಳಗೆ ಕೈ ಹಾಕಲು ನಮಗೆ ದಾರಿಯಿಲ್ಲ. ಸುಲಭ, ಸುಲಭ ಎಂದು ಹೊಗಳುವಾಗ ಯಾರಿಗೆ ಸುಲಭ ಎಂದು ನಾನಂತೂ ಕೇಳಿರಲಿಲ್ಲ.

ಈಗ ಮುಂದೇನು ಎಂದೆ. ಮದುವೆ ಬೇಡವೇ?

ಭಾಗ್ಯಾ ತಲೆ ಅಲ್ಲಾಡಿಸಿದಳು. ಮಲ್ಲು ಬೇಕು, ಮಷಿನ್ನೂ ಬೇಕು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ನಮ್ಮಲ್ಲಿದೆ. ಅಪ್ಪ ಹೋಗುತ್ತಾನೆ, ಚಿಕ್ಕಪ್ಪಂದಿರು, ಮಾವಂದಿರು ಹೋಗುತ್ತಾರೆ. ಹುಡುಗಿ ಹೋಗುವುದಿಲ್ಲ. ಅವಳ ಕೈ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆದರೆ ಹೀಗಾಗುತ್ತದೆ (ಮೌಶಿ ಎಂದರೆ ಚಿಕ್ಕಮ್ಮ, ನಾನು): "ಮೌಶಿ, ಮನಿ ನೋಡಾಕ ನಾನ ಹೋಗಾಕಿ. ಆ ಮನ್ಯಾಗ ಇರಾಕಿ ನಾನಲ್ಲೇನ?"

ಬುಧವಾರ ಹೋದೆವು. ಮಾಮಾ ಬರಲಿಲ್ಲ, ಸಿಟ್ಟಾಗಿದ್ದರು. ತಿಕೋಟಾ ಬಸ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ಸೆರಗಿನ ತುದಿ ಹಿಂಡುತ್ತಿದ್ದಳು. ಸಂಬಂಧ ಮುರಿದರೆ ಇಂಥ ಹುಡುಗ ಮತ್ತೆ ಸಿಗುತ್ತಾನೆಯೇ ಎಂಬ ಭಯ ಅವಳಿಗೆ. ನನಗೂ ಇತ್ತು, ಹೇಳಲಿಲ್ಲ.

ಹುಡುಗಿಯೇ ಹೊಸ್ತಿಲ ಹೊರಗೆ ಬಂದು ನಿಂತದ್ದು ನೋಡಿ ಮಲ್ಲೂನ ತಾಯಿ ಗಡಿಬಿಡಿಯಲ್ಲಿ ಸೆರಗು ಸರಿಮಾಡಿಕೊಂಡರು. ಆಮೇಲೆ ಕಾಲಿಗೆ ನೀರು ಕೊಟ್ಟರು. ಭಾಗ್ಯಾ ಕೂತು ತನ್ನ ಮಾತು ಹೇಳತೊಡಗಿದಳು. ಕಿವಿ ಕೇಳದ ಮಗನನ್ನು ಬೆಳೆಸಿದ ತಾಯಿಗೆ ಅಕ್ಕನ ಅನುವಾದ ಬೇಕಾಗಲಿಲ್ಲ. ಕೈಗಳನ್ನು ಕೊನೆಯವರೆಗೆ ನೋಡಿದರು. ಭಾನುವಾರ ತಲೆ ತಗ್ಗಿದ್ದು ಯಾಕೆ ಎಂಬುದನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಿಷನ್ ಬರ್ಲಿ ಬಿಡ್ರಿ. ನನಗೇನು ಕೈಕಾಲು ಬಿದ್ದಾವೇನ, ನೋಡ್ಕೊಳ್ಳಾಕ? ಖರೆ, ಹಿರ್ಯಾರಿಗೆ ಒಂದ ಮಾತ ಹೇಳಬೇಕು."

ಹಿರಿಯರೆಂದರೆ ಮತ್ತೆ ಕಾಕಾ, ಮತ್ತೆ ವಿಡಿಯೊ ಕಾಲ್. ಈ ಸಲ ಮಲ್ಲು ತನ್ನ ಸಪ್ಪೆ ಪ್ರೋಗ್ರಾಂನಲ್ಲೇ ಮೀಟಿಂಗ್ ತೆರೆದ. ಸೊಲ್ಲಾಪುರದಲ್ಲಿ ಕಾಕಾ ಒಳಗೆ ಬರುವಷ್ಟರಲ್ಲಿ ನಾವು ಅವಲಕ್ಕಿ ತಿಂದು, ಅಂಗಡಿ ನೋಡಿ, ಕಿಟಕಿಯ ಕೆಳಗೆ ಬೆಳಕು ಬೀಳುವಲ್ಲಿ ಮಷಿನ್‌ಗೆ ಜಾಗ ಗೊತ್ತು ಮಾಡಿ ಬಂದಿದ್ದೆವು. ಅವರ ಸೊಸೆ ಪಕ್ಕದಲ್ಲಿ ನಿಂತು ಒಂದೊಂದೇ ಬಟನ್ ತೋರಿಸಿದಳಂತೆ. ಕೊನೆಗೂ ಪಾಸ್‌ಪೋರ್ಟ್ ಫೋಟೊದಷ್ಟು ಕಾಕಾ ಕಾಣಿಸಿದರು.

ಧ್ವನಿ ಮಾತ್ರ ಇರಲಿಲ್ಲ. ಮಲ್ಲು ಎಂದಿನಂತೆ ಅದನ್ನು ಬಂದ್ ಮಾಡಿಯೇ ತೆರೆದಿದ್ದ.

ಭಾಗ್ಯಾ ಫೋನಿನ ಮುಂದೆ ಕೂತು ಹೇಳಿದಳು. ಎರಡೂ ಕೈಯಲ್ಲಿ ಮಷಿನ್ ಓಡಿಸಿ ತೋರಿಸಿದಳು, ಅದು ಸಾರವಾಡದಿಂದ ಇಲ್ಲಿಗೆ ಬರುವುದನ್ನು ತೋರಿಸಿದಳು, ಕಿಟಕಿಯ ಕಡೆ ಬೆರಳು ಮಾಡಿದಳು. ಇದು ಅರ್ಥವಾಗಲು ಯಾವ ಶಾಲೆಗೂ ಹೋಗಬೇಕಾಗಿಲ್ಲ. ಚಿತ್ರ ಎಲ್ಲೂ ನಿಲ್ಲಲಿಲ್ಲ. ಕಾಕಾನ ತುಟಿಗಳು ಜೋರಾಗಿ ಅಲ್ಲಾಡಿದವು. ಏನು ಹೇಳುತ್ತಿದ್ದಾರೋ ನಮಗೆ ಯಾರಿಗೂ ತಿಳಿಯಲಿಲ್ಲ. ತಮ್ಮ ಮಾತು ಯಾರಿಗೂ ಮುಟ್ಟುತ್ತಿಲ್ಲ ಎಂದು ಅವರಿಗೂ ತಿಳಿಯಿತು. ಧ್ವನಿಯ ಬಟನ್ ಹುಡುಕಲು ಫೋನಿನ ಮೇಲೆ ಬಾಗಿದರು. ಬಾಗಿಯೇ ಇದ್ದರು.

ಭಾಗ್ಯಾ ಪರದೆಯನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ ಸಣ್ಣಗೆ ಕೈ ಆಡಿಸಿದಳು. ಅದು ನನಗೂ ಅರ್ಥವಾಯಿತು.

"ಕಾಕಾ ತಲಿ ತಗ್ಗಿಸ್ಯಾರ ನೋಡ್ರಿ. ಒಪ್ಯಾರ."

ಮಲ್ಲೂನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಒಳಗೆ ಹೋಗಿ ಸಕ್ಕರೆಯ ತಾಟು ತಂದರು. ಈ ಸಲ ಮಲ್ಲುವೂ ತಿಂದ, ಭಾಗ್ಯಾಳೂ ತಿಂದಳು. ನನ್ನ ಬಾಯಿಗೆ ಅವಳೇ ಹಾಕಿದಳು, ಒಂದು ಮುಷ್ಟಿ.

ಕಾಕಾ ತಲೆ ಎತ್ತಿದಾಗ ನಮ್ಮೆಲ್ಲರ ಬಾಯಿ ತುಂಬಿತ್ತು. ಸಕ್ಕರೆ ತಿಂದ ಮೇಲೆ ಮಾತುಂಟೇ?