ಮಳೆಗಾಲದಲ್ಲಿ ಕೂಲರಿಗೇನಾಗುತ್ತದೆ

ನನ್ನ ವಿಜ್ಞಾನ ಬರಹ ಓದಿದವರು "ತಿಳೀತ್ರಿ" ಎಂದರೆ ನನಗೆ ಅಷ್ಟೇನೂ ಖುಷಿಯಾಗುವುದಿಲ್ಲ. "ಭಾಳ ನಗಿಸಿದ್ರಿ ಸರ್" ಎಂದರೆ ಮಾತ್ರ ಆ ದಿನ ಒಂದು ರೊಟ್ಟಿ ಹೆಚ್ಚಿಗೆ ಇಳಿಯುತ್ತದೆ. ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ನನಗೆ ಧೈರ್ಯ ಬಂದದ್ದು ಇತ್ತೀಚೆಗೆ. ಅದೂ ಧೈರ್ಯವಲ್ಲ, ಬೇರೆ ದಾರಿ ಉಳಿದಿರಲಿಲ್ಲ.

ಮೂವತ್ತು ವರ್ಷ ರಾಯಚೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ಅಷ್ಟೂ ವರ್ಷಗಳಲ್ಲಿ ನನ್ನ ತರಗತಿ ಮನಸಾರೆ ನಕ್ಕಿದ್ದು ಒಂದೇ ಸಲ, ಘರ್ಷಣೆಯ ಪಾಠ ಮಾಡುತ್ತ ನಾನು ಕಟ್ಟೆಯಿಂದ ಜಾರಿ ಬಿದ್ದಾಗ. ನಿವೃತ್ತನಾದ ಮೇಲೆ ಊರಿನ ಪತ್ರಿಕೆಯೊಂದರ ಸಂಪಾದಕರು ಮನೆಗೆ ಬಂದು, ಪ್ರತಿ ರವಿವಾರ ಜನರಿಗೆ ರುಚಿಸುವಂತೆ ವಿಜ್ಞಾನ ಬರೆಯಬೇಕೆಂದು ಕೇಳಿದರು. ಮೊದಲ ಲೇಖನ ಓದಿ ಮುಖ ಸಣ್ಣದು ಮಾಡಿಕೊಂಡರು. "ಸರ್, ಸೂತ್ರ ಗೀತ್ರ ಬ್ಯಾಡ್ರಿ. ಮಂದಿ ನಾಷ್ಟಾಕ್ಕ ಒಗ್ಗರಣಿ ಮಿರ್ಚಿ ತಿನ್ಕೋತ ಓದ್ತಾರ. ಗಂಟಲದಾಗ ಸಿಗಬಾರದು ನೋಡ್ರಿ" ಎಂದರು. ಸೂತ್ರ ತೆಗೆದೆ. ಮುಂದಿನ ವಾರ ಅಂಕಿ ತೆಗೆದೆ. ತಿಂಗಳೊಪ್ಪತ್ತಿನಲ್ಲಿ 'ಏಕೆಂದರೆ' ಎಂಬ ಪದವನ್ನೂ ತೆಗೆದೆ. ಆಮೇಲೆ ನನ್ನ ಅಂಕಣ ಜನಪ್ರಿಯವಾಯಿತು.

ಜನಪ್ರಿಯತೆ ಎಂದರೆ ಸಣ್ಣದಲ್ಲ. ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ತಮ್ಮ ಊರಿನ ಕಾರ್ಯಕ್ರಮಕ್ಕೆ ಉಪನ್ಯಾಸ ಕೊಡಲು ಕರೆದರು. ವಿಷಯವನ್ನೂ ಅವರೇ ಆರಿಸಿದ್ದರು. "ಬ್ಲ್ಯಾಕ್ ಹೋಲ್ ಬಗ್ಗೆ ಮಾತಾಡ್ರಿ ಸರ್. ಆದ್ರ ಸೈನ್ಸ್ ಜಾಸ್ತಿ ಬ್ಯಾಡ್ರಿ, ಮನಿ ಮಂದಿ ಎಲ್ಲಾ ಬಂದಿರ್ತಾರ." ನಾನು ಮುಕ್ಕಾಲು ಗಂಟೆ ಮಾತಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಶಾಲು ಹೊದಿಸುವಾಗ ಸಾಹುಕಾರರು ನನ್ನ ಕಿವಿಯ ಹತ್ತಿರ ಬಾಗಿ, "ಅದೆಲ್ಲಾ ಇರ್ಲಿ, ಆ ಹೋಲ್ ಯಾವ ದೇಶದಾಗ ಅದರೀ?" ಎಂದು ಕೇಳಿದರು. ಒಂದು ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದು, ರಾಶಿ ಇನ್ನೂ ಎಷ್ಟು ದಿನ ಒಣಗಬೇಕೆಂದು ಹೇಳಬಲ್ಲ ಮನುಷ್ಯ ಅವರು. ನೀರು, ಬಿಸಿಲು, ಗಾಳಿ ಈ ಮೂರರ ವ್ಯವಹಾರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಂಥವರಿಗೆ ನಾನು ಯಾರೂ ಮುಟ್ಟಿ ನೋಡಲಾಗದ ಕಪ್ಪುಕುಳಿಯನ್ನು ಮಾರಿ ಬಂದೆ. ಶಾಲು ಮಾತ್ರ ಒಳ್ಳೆಯದಿತ್ತು.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ಈ ರೋಗ ನನ್ನೊಬ್ಬನದಲ್ಲ, ಬಹಳ ಹಳೆಯದು. ಸ್ನಾನದ ತೊಟ್ಟಿಯಿಂದೆದ್ದು ಬೆತ್ತಲೆ ಓಡಿದ ಪಂಡಿತನ ಕಥೆ ನಿಮಗೂ ಗೊತ್ತು, ನಿಮ್ಮ ಮೊಮ್ಮಕ್ಕಳಿಗೂ ಗೊತ್ತು. ಅವನು ಯಾಕೆ ಓಡಿದ, ನೀರಿನಲ್ಲಿ ಏನು ಕಂಡ ಎಂದು ಕೇಳಿ ನೋಡಿ. ಓಡಿದ್ದಂತೂ ಖಚಿತ ಎನ್ನುತ್ತಾರೆ, ಬಟ್ಟೆ ಇರಲಿಲ್ಲ ಎಂಬುದಂತೂ ಇನ್ನೂ ಖಚಿತ. ಸೇಬು ಬಿದ್ದದ್ದನ್ನು ನೋಡಿ ಯೋಚನೆಗೆ ಬಿದ್ದವನ ಕಥೆಯೂ ಹಾಗೆಯೇ. ಹಣ್ಣು ನೆಲಕ್ಕೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಚಂದ್ರನೂ ಅದೇ ರೀತಿ ಬೀಳುತ್ತಲೇ ಇದ್ದಾನೆ ಎಂಬ ಬೆರಗು ಯಾರಿಗೂ ಬೇಡ. ನಾವು ರಂಜನೆಯ ವಿಜ್ಞಾನ ಬರೆಯುವವರು ಬೆಲ್ಲ ಹಚ್ಚಿ ಗುಳಿಗೆ ಕೊಡುತ್ತೇವೆಂದು ಹೇಳಿಕೊಳ್ಳುತ್ತೇವೆ. ಜನ ಬೆಲ್ಲ ನೆಕ್ಕಿ ಗುಳಿಗೆ ಉಗುಳುತ್ತಾರೆ. ಕ್ರಮೇಣ ನಾವು ಗುಳಿಗೆ ಇಡುವುದನ್ನೇ ಬಿಡುತ್ತೇವೆ.

ಇನ್ನು ಕೂಲರಿನ ವಿಷಯಕ್ಕೆ ಬರುತ್ತೇನೆ. ರಾಯಚೂರಿನ ಬೇಸಿಗೆಯಲ್ಲಿ ಕೂಲರು ಮನೆಯ ಯಜಮಾನ. ತಗಡಿನ ಮೈ, ಮೂರು ಕಡೆ ನೀರು ತೊಟ್ಟಿಕ್ಕುವ ಹುಲ್ಲಿನ ಪ್ಯಾಡು, ಒಳಗೆ ಗುಡುಗುವ ಫ್ಯಾನು. ಅದರೆದುರಿನ ಜಾಗಕ್ಕಾಗಿ ಒಡಹುಟ್ಟಿದವರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಒಂದು ವಾರ ಅದನ್ನೇ ಬರೆದೆ. ನೀರು ಆರುವಾಗ ತಂಪೇಕೆ? ಬೀಗರ ಊಟದಲ್ಲಿ ತಲೆ ಬಿಸಿಯಾದವರು ಮೊದಲು ಎದ್ದು ಹೋಗುತ್ತಾರೆ. ಉಳಿದವರು ತಣ್ಣಗಿರುವವರು, ಹಾಗಾಗಿ ಪಂಕ್ತಿಯೂ ತಣ್ಣಗಾಗುತ್ತದೆ. ನೀರಿನ ಕಣಗಳಲ್ಲೂ ಜೋರಾಗಿ ಓಡಾಡುವವು ಮೊದಲು ಹಾರಿಹೋಗುತ್ತವೆ, ನಿಧಾನದವು ಉಳಿಯುತ್ತವೆ. ಇಷ್ಟು ಸರಿಯಾಗಿಯೇ ಇತ್ತು, ಈಗಲೂ ಅದರ ಬಗ್ಗೆ ನನಗೆ ಸಣ್ಣ ಅಭಿಮಾನವಿದೆ. ಅಲ್ಲಿಗೇ ಪೆನ್ನು ಮುಚ್ಚಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಮಳೆಗಾಲದಲ್ಲಿ ಅದೇ ಕೂಲರು ಯಾಕೆ ತಂಪು ಮಾಡುವುದಿಲ್ಲ ಎಂಬ ಪ್ರಶ್ನೆಯನ್ನು ನಾನೇ ಎತ್ತಿಬಿಟ್ಟಿದ್ದೆ. ಉತ್ತರ ಬರೆಯುತ್ತ ಹೋದರೆ ಅದು ಉದ್ದವಾಯಿತು, ಒಣಗಿತು. ಊಟಕ್ಕೆ ಕರೆಯೂ ಬಂತು. ಅದಷ್ಟನ್ನೂ ಹೊಡೆದುಹಾಕಿ ಹೀಗೆ ಬರೆದೆ: "ಮಳೆ ಹತ್ತಿತೆಂದರೆ ಮಾವನ ಮನೆಗೆ ಬಂದ ಅಳಿಯ ಹೊರಡುತ್ತಾನೆಯೇ? ಭಜಿ ತಿನ್ನುತ್ತ ಕಾಲು ಚಾಚುತ್ತಾನೆ. ಕೂಲರಿನ ನೀರಿಗೂ ಅಷ್ಟೇ, ಮಳೆಗಾಲದಲ್ಲಿ ಹೊರಗೆ ಹೋಗಲು ಮನಸ್ಸಾಗುವುದಿಲ್ಲ."

ಸಂಪಾದಕರು ಫೋನಿನಲ್ಲೇ ನಕ್ಕರು. ನನ್ನ ಹೆಂಡತಿ ಪತ್ರಿಕೆ ಮಡಚಿಡುತ್ತ, "ನಗು ಬಂತು ಖರೇ. ಆದ್ರ ಕೂಲರ್ ಯಾಕ ತಂಪ ಮಾಡಂಗಿಲ್ಲ ಅಂತ ತಿಳೀಲಿಲ್ಲರೀ" ಎಂದಳು. ಅವಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡೆ.

ಎರಡು ತಿಂಗಳ ಮೇಲೆ ಒಂದು ರವಿವಾರ ಶಾಂತಾ ಟೀಚರ್ ಮನೆಗೆ ಬಂದರು. ದೇವದುರ್ಗ ತಾಲ್ಲೂಕಿನಲ್ಲಿ, ಗೂಗಲ್ ಎಂಬ ಊರಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಶಿಕ್ಷಕಿ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ತಮ್ಮೂರು ಕುರ್ಡಿಯಲ್ಲಿ ಅವರ ತಾಯಿ ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿ ಮಗಳನ್ನು ಓದಿಸಿದ್ದರು. ಹಾಗಾಗಿ ಶಾಂತಾ ಯಾವುದನ್ನೂ ಹಗುರಾಗಿ ತೆಗೆದುಕೊಳ್ಳುವವರಲ್ಲ. ನನ್ನ ಅಂಕಣವನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸುತ್ತಾರೆಂದು ನನಗೆ ಗೊತ್ತಿತ್ತು. ಅಭಿನಂದಿಸಲು ಬಂದರೆಂದು ತಿಳಿದು ನಾನು ಚಹಾಕ್ಕೆ ಹೇಳಿದೆ. ಅವರು ಕೈಚೀಲದಿಂದ ಉತ್ತರಪತ್ರಿಕೆಗಳ ಕಟ್ಟು ತೆಗೆದು ನನ್ನ ಮುಂದಿಟ್ಟರು.

"ಸರ್, ಟೆಸ್ಟಿನಾಗ ಎರಡು ಮಾರ್ಕ್ಸಿಗೆ ಕೂಲರ್ ಪ್ರಶ್ನಿ ಕೊಟ್ಟಿದ್ದೆ. ಇವಕ್ಕ ಮಾರ್ಕ್ಸ್ ನೀವೇ ಹಾಕ್ರಿ."

"ನಾನ್ಯಾಕ ಹಾಕ್ಲೆವ್ವಾ?"

"ಓದ್ರಿ, ತಿಳೀತದ."

ಓದಿದೆ. ಮೊದಲನೆಯದರಲ್ಲಿ ಅಳಿಯ ಇದ್ದ. ಎರಡನೆಯದರಲ್ಲೂ ಇದ್ದ. ಮೂರನೆಯದರಲ್ಲಿ ಅಳಿಯನ ಜೊತೆ ಭಜಿಗೆ ಚಟ್ನಿಯೂ ಬಂದಿತ್ತು. ಒಬ್ಬ ಹುಡುಗ ಅಂದವಾದ ಚಿತ್ರ ಬರೆದು ಬಾಣದ ಗುರುತು ಹಾಕಿ, ಅಳಿಯ, ಮಾವ, ಭಜಿ, ಕೂಲರು ಎಂದು ಭಾಗಗಳನ್ನು ಹೆಸರಿಸಿದ್ದ. ಹವೆ ಎಂಬ ಪದ, ತೇವ ಎಂಬ ಪದ ಎಲ್ಲೂ ಇರಲಿಲ್ಲ. ಕೆಂಪು ಪೆನ್ನು ಹಿಡಿದು ಕುಳಿತೆ. ಎರಡು ಕೊಡೋಣವೆಂದರೆ ಉತ್ತರ ತಪ್ಪು. ಸೊನ್ನೆ ಕೊಡೋಣವೆಂದರೆ ಅದು ನನ್ನದೇ ವಾಕ್ಯ, ಅಲ್ಪವಿರಾಮದ ಸಮೇತ. ಅರ್ಧ ಅಂಕ ಕೊಡಬಹುದೇ ಎಂದು ಕೇಳಿದೆ. ಶಾಂತಾ ಚಹಾ ಕುಡಿಯುತ್ತ, "ಯಾವುದಕ್ಕ ಸರ್, ಭಜಿಗ್ಯಾ?" ಎಂದರು.

ಕಟ್ಟಿನ ತಳದಲ್ಲಿದ್ದ ಒಂದು ಪತ್ರಿಕೆಯನ್ನು ಅವರೇ ಎಳೆದು ಕೊಟ್ಟರು. ಹುಲಿಗೆಮ್ಮ ಎಂಬ ಹುಡುಗಿಯದು. ಮೇಲೆ ಎರಡು ಸಾಲು ಬರೆದು ಅಡ್ಡಗೆರೆ ಎಳೆದಿದ್ದಳು, ಅದರ ಕೆಳಗೆ ಯಥಾಪ್ರಕಾರ ನನ್ನ ಅಳಿಯ. ಗೆರೆಯ ಹಿಂದಿನ ಅಕ್ಷರಗಳನ್ನು ಕಷ್ಟಪಟ್ಟು ಓದಿದೆ: "ಮಳೆಗಾಲದಲ್ಲಿ ಗಾಳಿ ಮೊದಲೇ ಹಸಿ ಇರುತ್ತದೆ. ಹಸಿ ಟವೆಲ್‌ನಿಂದ ಮೈ ಒರೆಸಿದರೆ ನೀರು ಹೋಗುವುದಿಲ್ಲ."

ಗಾಳಿ ಟವೆಲ್ ಅಲ್ಲ ಎಂದು ಪಂಡಿತರು ತಕರಾರು ತೆಗೆಯಬಹುದು. ತೆಗೆಯಲಿ. ನಾನು ಮೂವತ್ತು ವರ್ಷ ಪಾಠ ಮಾಡಿಯೂ ಅಷ್ಟು ಚೊಕ್ಕವಾಗಿ ಅದನ್ನು ಹೇಳಿರಲಿಲ್ಲ. ಉದ್ದವಾಯಿತು, ಒಣಗಿತು ಎಂದು ನಾನು ಕೈಬಿಟ್ಟ ಉತ್ತರ ಎರಡೇ ಸಾಲಿನಲ್ಲಿ ಕಣ್ಣೆದುರಿಗಿತ್ತು, ಅದರ ಮೇಲೆ ನನ್ನ ದೆಸೆಯಿಂದ ಗೆರೆ ಬಿದ್ದಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

"ಇದಕ್ಕ ಎರಡೂ ಮಾರ್ಕ್ಸ್ ಕೊಡೋಣವ್ವಾ" ಎಂದೆ.

"ಹೊಡೆದು ಹಾಕಿದ್ದಕ್ಕ ಮಾರ್ಕ್ಸ್ ಇಲ್ರಿ ಸರ್, ರೂಲ್ಸ್ ಅದ. ಮಾರ್ಕ್ಸ್ ಹೋದ್ರ ಹೋಗ್ಲಿ. ಈ ಹುಡುಗಿ ಮೊದ್ಲು ಏನ್ ಕೇಳಿದ್ರೂ ತಾನೇ ಯೋಚ್ನಿ ಮಾಡಿ ಹೇಳ್ತಿದ್ಲು. ಈಗ ಏನ್ ಕೇಳಿದ್ರೂ ಗ್ವಾಡಿ ಕಡಿ ನೋಡಾಕತ್ತಾಳ, ನೀವು ಏನ್ ಬರದೀರಿ ಅಂತ. ನನಗ ಅದರದೇ ಚಿಂತಿ ಆಗೇದ."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆ. ಬರುವ ಶುಕ್ರವಾರ ಶಾಲೆಗೆ ಬಂದು, ನಾನು ಬರೆದದ್ದು ತಪ್ಪೆಂದು ಮಕ್ಕಳೆದುರು ಹೇಳುತ್ತೇನೆಂದು ಮಾತು ಕೊಟ್ಟೆ.

ಶುಕ್ರವಾರ ದೇವದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಭಾಷಣ ಸಿದ್ಧಮಾಡಿಕೊಂಡೆ. ಗಬ್ಬೂರು ದಾಟುವಷ್ಟರಲ್ಲಿ ನನ್ನ ಕ್ಷಮಾಪಣೆಯಲ್ಲಿ ಮೂರು ಹಾಸ್ಯ ಚಟಾಕಿಗಳು ಸೇರಿಕೊಂಡಿದ್ದವು. ಚಟ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಜೊತೆಗೆ ಆ ಹುಡುಗಿಯ ಬಗ್ಗೆ ಒಂದು ಕರುಣಾಜನಕ ಕಥೆಯನ್ನೂ ಮನಸ್ಸಿನಲ್ಲಿ ಕಟ್ಟಿದ್ದೆ. ಅಚ್ಚಾದ ಅಕ್ಷರ, ಹಿರಿಯ ಲೇಖಕ, ಹೆದರಿದ ಎಳೆಯ ಮನಸ್ಸು, ನಡುಗುವ ಕೈಯಿಂದ ಎಳೆದ ಗೆರೆ. ನನ್ನ ತಪ್ಪನ್ನು ನೆನೆದು ನನಗೇ ಕಣ್ಣು ತೇವವಾಯಿತು. ಆ ಹೆದರಿಕೆಯ ಹಿಂದೆ ನನ್ನ ದೊಡ್ಡಸ್ತಿಕೆಯೂ ಇದೆಯಲ್ಲ ಎಂದು ಒಳಗೊಳಗೇ ಸ್ವಲ್ಪ ಹಿತವೂ ಆಯಿತು.

ತರಗತಿಗೆ ಕಾಲಿಟ್ಟೊಡನೆ ಹಿಂದಿನಿಂದ ಯಾರೋ "ಅಳಿಯನ ಸರ್ ಬಂದ್ರು" ಎಂದು ಪಿಸುಗುಟ್ಟಿದರು. ಎಲ್ಲರೂ ನಗಲು ಅಣಿಯಾಗಿ ಕುಳಿತರು. ಸಿದ್ಧಪಡಿಸಿದ್ದ ಮೂರರಲ್ಲಿ ಒಂದು ಚಟಾಕಿಯೂ ನನ್ನ ಬಾಯಿಗೆ ಬರಲಿಲ್ಲ. ಕರಿಹಲಗೆಯ ಮುಂದೆ ನಿಂತು, "ಕೂಲರಿನ ಬಗ್ಗೆ ನಾನು ಕೊನೆಗೆ ಬರೆದದ್ದು ತಪ್ಪು. ನೀರಿಗೆ ಮನಸ್ಸು ಇರುವುದಿಲ್ಲ. ಉತ್ತರ ಸರಿಯಾಗಿ ಬರೆಯಲು ನನಗೆ ಬೇಸರವಾಗಿತ್ತು, ಅದಕ್ಕೆ ನಗಿಸಿಬಿಟ್ಟೆ" ಎಂದೆ. ಯಾರೂ ನಗಲಿಲ್ಲ. ಹುಲಿಗೆಮ್ಮ ಯಾರೆಂದು ಕೇಳಿದೆ. ಎರಡನೆಯ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಹೆದರಿದ ಲಕ್ಷಣ ಏನೂ ಕಾಣಲಿಲ್ಲ.

"ನೀನು ಮೊದಲು ಬರೆದಿದ್ದೇ ಸರಿ ಇತ್ತವ್ವಾ. ನನ್ನದು ನೋಡಿ, ನಿನ್ನದು ತಪ್ಪು ಅನಿಸಿತೇನು?" ಎಂದು ಆದಷ್ಟು ಮೆತ್ತಗೆ ಕೇಳಿದೆ.

"ಇಲ್ರಿ ಸರ್. ನಂದು ಖರೇ ಅಂತ ಗೊತ್ತಿತ್ರಿ. ಮಳಿಗಾಲದಾಗ ನಮ್ಮನ್ಯಾಗ ಟವೆಲ್ ಒಣಗಂಗೇ ಇಲ್ಲ, ದಿನಾ ನೋಡ್ತೀನಿ."

"ಮತ್ಯಾಕ ಹೊಡೆದು ಹಾಕಿದಿ?"

ಅವಳು ಟೀಚರ್ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು. "ನಂದು ತಪ್ಪಾದ್ರ ಟೀಚರ್ ನನ್ನ ಎಲ್ಲಾರ ಮುಂದ ನಿಲ್ಲಸ್ತಾರ್ರಿ. ನಿಮ್ಮದು ಬರದು ತಪ್ಪಾದ್ರ ನಿಮ್ಮನ್ನ ನಿಲ್ಲಸ್ತಾರಂತ, ನಿಮ್ಮದು ಬರದೆ."

ನಾನು ನಿಂತೇ ಇದ್ದೆ. ತರಗತಿ ಈಗ ನಕ್ಕಿತು, ನನ್ನ ಯಾವ ಉಪಮೆಗೂ ಹಾಗೆ ನಕ್ಕಿರಲಿಲ್ಲ. ಶಾಂತಾ ಟೀಚರ್ ನಗು ತಡೆದುಕೊಂಡು ಸುಣ್ಣದಕಡ್ಡಿ ನನ್ನ ಕೈಗಿಟ್ಟರು. "ಸರ್, ಅಕಿ ಉತ್ತರ ಬೋರ್ಡಿನ ಮ್ಯಾಲ ಬರೀರಿ. ಎಲ್ಲಾರೂ ಬರ್ಕೊಳ್ಳಿ."

ಎರಡೂ ಸಾಲು ಬರೆದೆ, ಒಂದಕ್ಷರ ಸೇರಿಸದೆ, ಬೆಲ್ಲ ಹಚ್ಚದೆ. ಬರೆದು ಮುಗಿಸಿದಾಗ ಕೈ ರವಿವಾರದ ರೂಢಿಯಂತೆ ಕೆಳಗೆ ನನ್ನ ಹೆಸರು ಬರೆಯಲು ಹೊರಟಿತ್ತು. ಮೊದಲಕ್ಷರವನ್ನು ಅಂಗೈಯಿಂದ ಒರೆಸಿ, ಹುಲಿಗೆಮ್ಮ ಎಂದು ಬರೆದೆ.