ನೋವಿನ ರೇಟು

ಹೆಬ್ಬಾಳದ ಆಸ್ಪತ್ರೆಯೊಂದರ ನೋವಿನ ವಿಭಾಗದಲ್ಲಿ ಪ್ರತಿ ತಿಂಗಳೂ ನನ್ನ ಪಕ್ಕ ಕೂರುತ್ತಿದ್ದವರು ಬಾಗಲೂರು ಕಡೆಯ ಸೈಟ್ ಬ್ರೋಕರ್. ಇಬ್ಬರಿಗೂ ಪ್ಯಾಂಕ್ರಿಯಾಸಿನ ಹಳೇ ಕಾಯಿಲೆ. ನೋವು ಎದ್ದಾಗ ಅವರು ಮುಂದಕ್ಕೆ ಬಾಗಿ, ಮಡಿಸಿದ ಟವೆಲನ್ನು ಹೊಟ್ಟೆಗೆ ಒತ್ತಿಕೊಂಡು ಸುಮ್ಮನಿರುತ್ತಿದ್ದರು. ನಾನು ಇಡೀ ವರಾಂಡಕ್ಕೆ ಕೇಳುವಂತೆ ನರಳುತ್ತಿದ್ದೆ.

ಹತ್ತಕ್ಕೆ ಎಷ್ಟು ನೋವು ಎಂದು ನರ್ಸ್ ಕೇಳಿದರೆ ನನ್ನದು ಯಾವಾಗಲೂ ಒಂಬತ್ತು. ಜಾಸ್ತಿ ಹೇಳಿದವರನ್ನು ಮೊದಲು ಒಳಗೆ ಕರೆಯುತ್ತಾರೆಂಬುದು ನಾನು ಕಂಡುಕೊಂಡಿದ್ದ ಮಹಾಸತ್ಯ. "ರೇಟ್ ಜಾಸ್ತಿ ಆಯ್ತು ಸಾರ್, ಸ್ವಲ್ಪ ಇಳ್ಸಿ" ಎನ್ನುತ್ತಿದ್ದರು ಅವರು. ಆಮೇಲೆ ನರ್ಸ್ ಕಡೆ ತಿರುಗಿ, "ನಂದು ನಾಲ್ಕು ಹಾಕಮ್ಮ."

ಒಂದು ದಿನ ಅವರು ಟವೆಲನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅವರದು ಹತ್ತು. ಮೊದ್ಲು ಅವರನ್ನ ಕರ್ಕೊಂಡ್ ಹೋಗಿ" ಎಂದೆ.

"ನಿಮ್ದು ಸಾರ್?" ಎಂದಳು ನರ್ಸ್.

ಹೊಟ್ಟೆ ಹಿಡಿದಿದ್ದ ಕೈಯನ್ನು ತೆಗೆದೆ. "ಮೂರು ಬರ್ಕೊಳ್ಳಿ."

ನರ್ಸ್ ತಂದ ವೀಲ್‌ಚೇರಿನಲ್ಲಿ ಮುದುಡಿ ಕೂತ ಬ್ರೋಕರ್ ಬಾಯಿಂದ ಟವೆಲ್ ತೆಗೆದು, ತಲೆ ಎತ್ತದೆಯೇ ಹೇಳಿದರು: "ಈಗ ಬಂದ್ರಿ ನೋಡಿ ಸಾರ್, ಸರಿಯಾದ್ ರೇಟ್‌ಗೆ."