ಮಳೆಯ ಅಳತೆಗೆ ನಾನು ಬರೆದ ಫೇರ್ ಕಾಪಿ

ಆ ಶನಿವಾರ ನಲ್ಲಿಯಲ್ಲಿ ನೀರು ಐದಕ್ಕೆ ಸರಿಯಾಗಿ ಬಂತು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಅದು ಇರುವುದು ಅರ್ಧ ಗಂಟೆ. ಬಕೆಟ್, ಕೊಡ, ಕುಡಿಯುವ ನೀರಿನ ಡಬ್ಬಿ ತುಂಬಿಸುವಷ್ಟರಲ್ಲಿ ನಮ್ಮವರು ಸ್ನಾನ ಮುಗಿಸಿ ಚಪ್ಪಲಿ ಮೆಟ್ಟಿಯಾಗಿತ್ತು. ಠಾಣೆಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲಿನ ದುಡ್ಡು ತೆಗೆದುಕೊಳ್ಳುವವರು ಅವರು. ಆರಕ್ಕೆ ಮುಂಚಿನ ಲೋಕಲ್ ತಪ್ಪಿದರೆ ಕಾಲಿಡಲೂ ಜಾಗ ಸಿಗುವುದಿಲ್ಲ. ಅವರು ಹೋದ ಮೇಲೆ ನೀರುದೋಸೆ ಹೊಯ್ದು ಎರಡು ಡಬ್ಬಿಗೆ ತುಂಬಿದೆ. ಒಂದು ಮಗಳಿಗೆ, ಇನ್ನೊಂದು ಅವಳ ಗೆಳತಿಗೆ. ಗೆಳತಿಗೆ ಚಟ್ನಿ ಖಾರವಾಗಬೇಕು, ಅದಕ್ಕೆಂದೇ ಎರಡು ಮೆಣಸು ಹೆಚ್ಚು ಅರೆದಿದ್ದೆ.

ಮಗಳು ಒಂಬತ್ತನೇ ತರಗತಿ. ಇಲ್ಲಿನ ಕನ್ನಡ ಶಾಲೆಯಲ್ಲಿ ಓದುತ್ತಾಳೆ. ಗೆಳತಿಯೂ ಅದೇ ತರಗತಿ, ಕಲ್ಯಾಣದಿಂದ ಬರುತ್ತಾಳೆ. ಅವಳ ತಂದೆ ವಿಜಯಪುರದ ಕಡೆಯವರು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ. ಹೋದ ವರ್ಷದಿಂದ ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯ ನಮ್ಮ ಶಾಲೆಯ ಜೊತೆ ಕೈಜೋಡಿಸಿತ್ತು. ಅಲ್ಲಿನ ದೊಡ್ಡ ಹುಡುಗ ಹುಡುಗಿಯರು ಶನಿವಾರ ಬಂದು ಗಣಿತ, ವಿಜ್ಞಾನ ಕಲಿಸುತ್ತಿದ್ದರು. ಪುಸ್ತಕ ತೆರೆಯುವುದಕ್ಕಿಂತ ಅಳೆಯುವುದು, ತೂಗುವುದು, ಕಾಯುವುದೇ ಹೆಚ್ಚು. ಗಣಿತವೆಂದರೆ ಹೊಟ್ಟೆನೋವು ಬರುತ್ತಿದ್ದ ನನ್ನ ಮಗಳು ಶನಿವಾರ ನಾನು ಎಬ್ಬಿಸುವ ಮುಂಚೆಯೇ ಏಳತೊಡಗಿದ್ದಳು.

ಈ ಮಳೆಗಾಲದಲ್ಲಿ ಅವರು ಮಕ್ಕಳಿಗೆ ಕೊಟ್ಟ ಕೆಲಸ ಮಳೆಯನ್ನು ಅಳೆಯುವುದು. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಸಿಕ್ಕಿಸಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿದ್ದರು. ನನ್ನ ಮಗಳು ನಮ್ಮ ಟೆರೇಸಿನಲ್ಲಿ, ಗೆಳತಿ ಕಲ್ಯಾಣದ ತನ್ನ ಚಾಳಿನ ತಗಡಿನ ಮೇಲೆ. ದಿನಾ ಬೆಳಿಗ್ಗೆ ಏಳಕ್ಕೆ, ನಲವತ್ತೈದು ದಿನ. ಎಲ್ಲ ಶಾಲೆಗಳ ಮಕ್ಕಳ ಅಳತೆ ನೋಡಿ ಕೆಲವರನ್ನು ಆರಿಸಿ, ಎರಡು ವರ್ಷ ತಮ್ಮ ಪ್ರಯೋಗಶಾಲೆಗೇ ಕರೆಸಿಕೊಂಡು, ಹತ್ತನೇ ತರಗತಿ ದಾಟಿಸಿ ಮುಂದಿನ ಓದಿಗೂ ಬೆನ್ನಿಗೆ ನಿಲ್ಲುತ್ತೇವೆ ಎಂದಿದ್ದರು. ಅಳತೆ ತೋರಿಸಲು ಆ ಶನಿವಾರ ಮಕ್ಕಳೇ ಅಲ್ಲಿಗೆ, ಸಾನಪಾಡಾಕ್ಕೆ, ಹೋಗಬೇಕಿತ್ತು.

ನನ್ನ ಮಗಳಿಗೆ ಅದು ಖುಷಿಯ ವಿಷಯ, ಅಷ್ಟೆ. ಗೆಳತಿಗೆ ಹಾಗಲ್ಲ. ಅವಳ ಅಕ್ಕ ಊರಲ್ಲಿ ಹೆತ್ತಿದ್ದಳು. ಕೂಸು ನೋಡಿಕೊಳ್ಳಲು ಇವಳನ್ನು ಕಳಿಸುವುದೆಂದು ತಂದೆ ನಿಶ್ಚಯಿಸಿದ್ದರು. ಶಾಲೆಯ ವಿಜ್ಞಾನದ ಟೀಚರ್ ಚಾಳಿಗೇ ಹೋಗಿ ಮಾತಾಡಿ ಬಂದಿದ್ದರು. ತಂದೆಯ ಮಾತು ಇಷ್ಟೆ: "ಆ ದೊಡ್ಡ ಕಾಲೇಜಿನವ್ರು ತಗೊಂಡ್ರ ಓದಸ್ತೀನ್ರಿ. ಇಲ್ಲಂದ್ರ ದಸರಾಕ್ಕ ಊರಿಗೆ."

ಗುರುವಾರ ಹುಡುಗಿಯರಿಬ್ಬರೂ ನಮ್ಮ ಮನೆಯಲ್ಲಿ ಕೂತು ಗ್ರಾಫ್ ಬರೆದರು. ಹೋಗುವಾಗ ಆ ಹುಡುಗಿ ತನ್ನ ಕಟ್ಟನ್ನು ನನ್ನ ಕೈಗೆ ಕೊಟ್ಟಳು. "ನಿಮ್ಮನ್ಯಾಗ ಇರಲ್ರಿ ಆಂಟಿ. ನಮ್ಮನ್ಯಾಗ ಸೋರತದ."

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರ ಹಾಳೆಗಳು. ಆಯಾ ದಿನದ ಹಾಳೆಯ ಬೆನ್ನಿಗೆ ಆ ದಿನದ ಮಳೆ ಬರೆದು, ಮೂಟೆ ಹೊಲಿಯುವ ದಾರದಲ್ಲಿ ಪೋಣಿಸಿದ್ದಳು. ಅಂಚು ಒದ್ದೆಯಾಗಿ ಸುರುಟಿದ್ದವು. ಒಂದರ ಮೇಲೆ ಅರಿಸಿನದ ಬೆರಳಚ್ಚು. ನನ್ನ ಮಗಳ ರಫ್ ಪುಸ್ತಕವೂ ಅಷ್ಟರಲ್ಲೇ ಇತ್ತು: ಹೊಡೆದು ಹಾಕಿದ ಅಂಕಿಗಳು, ಮೂಲೆಯಲ್ಲಿ ಬೆಕ್ಕಿನ ಚಿತ್ರ.

ನಾನು ಓದಿದ್ದು ಊರಿನ ಕಾನ್ವೆಂಟಿನಲ್ಲಿ. ಅಲ್ಲಿ ರೆಕಾರ್ಡ್ ಎಂದರೆ ಫೇರ್ ಪುಸ್ತಕ. ಎಡಕ್ಕೆ ಕೆಂಪು ಮಾರ್ಜಿನ್, ಶೀರ್ಷಿಕೆಯ ಕೆಳಗೆ ಸ್ಕೇಲಿಟ್ಟು ಎರಡು ಗೆರೆ. ಒಂದು ಅಕ್ಷರ ಹೊಡೆದು ಹಾಕಿದ್ದರೂ ಸಿಸ್ಟರ್ ಆ ಹಾಳೆಯನ್ನು ನಮ್ಮ ಎದುರೇ ಹರಿದು ಮತ್ತೆ ಬರೆಸುತ್ತಿದ್ದರು. ರಫ್ ಪುಸ್ತಕವನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ನನ್ನ ಅಕ್ಷರಕ್ಕೆ ಮೂರು ವರ್ಷ ಬಹುಮಾನ ಬಂದಿತ್ತು.

ಶುಕ್ರವಾರ ಮಧ್ಯಾಹ್ನ ಎರಡು ಹೊಸ ಪುಸ್ತಕ ತಂದು, ಊಟದ ಮೇಜಿನ ಮೇಲೆ ಹಳೆಯ ಸೀರೆ ಹಾಸಿ, ಇಬ್ಬರದನ್ನೂ ನಾನೇ ಬರೆದೆ. ಬರೆಯುತ್ತಾ ಒಂದು ಕಡೆ ಪೆನ್ನು ನಿಂತಿತು. ಹದಿನಾರನೇ ದಿನ ನಮ್ಮಲ್ಲಿ ನಲವತ್ತೊಂದು ಮಿಲಿಮೀಟರ್. ಆ ಹುಡುಗಿ ಕಲ್ಯಾಣದಲ್ಲಿ ಸೊನ್ನೆ ಎಂದು ಬರೆದಿದ್ದಳು. ಹತ್ತು ನಿಮಿಷದ ದಾರಿ, ಹೀಗೆಲ್ಲಾದರೂ ಉಂಟಾ? ಪಾಪ, ಅಂದು ಏಳಲು ತಡವಾಗಿರಬೇಕು, ಬೈಸಿಕೊಳ್ಳುವುದು ಬೇಡ ಎಂದು ಇಪ್ಪತ್ತು ಎಂದು ಬರೆದೆ. ಇನ್ನೆರಡು ಕಡೆಯೂ ಹಾಗೆಯೇ ಸರಿಮಾಡಿದೆ. ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿ, ಲೇಬಲ್ ಅಂಟಿಸಿ, ಮಗಳ ಬ್ಯಾಗಿನಲ್ಲಿಟ್ಟೆ. ನಾಲ್ಕು ಗಂಟೆಗೆ ರದ್ದಿಯವನು ಬಂದ. ಹಳೆ ಪೇಪರಿನ ಜೊತೆ ಮಗಳ ರಫ್ ಪುಸ್ತಕ, ಆ ಹುಡುಗಿಯ ಕಟ್ಟು ಎರಡನ್ನೂ ಹಾಕಿಬಿಟ್ಟೆ.

ಮಗಳಿಗೆ "ರೆಕಾರ್ಡ್ ಬ್ಯಾಗಿನಲ್ಲಿ ಇಟ್ಟಿದ್ದೇನೆ" ಎಂದಷ್ಟೇ ಹೇಳಿದೆ. ಅಲ್ಲಿ ತೆರೆದು ನೋಡಿ ಖುಷಿಪಡಲಿ ಎಂದು.

ಶನಿವಾರ ಹನ್ನೊಂದೂವರೆಗೆ ಟೀಚರ ಫೋನಿನಿಂದ ಮಗಳ ದನಿ ಬಂತು. "ಅಮ್ಮಾ, ನನ್ನ ರಫ್ ಬುಕ್ ಎಲ್ಲಿ? ಅವಳ ಕ್ಯಾಲೆಂಡರ್ ಎಲ್ಲಿ?"

"ಫೇರ್ ಮಾಡಿ ಇಟ್ಟಿದ್ದೇನಲ್ಲ ಮಗಾ."

"ಫೇರ್ ಯಾರು ಕೇಳಿದ್ರು? ರಫ್ ಎಲ್ಲಿ?"

"ನಿನ್ನೆ ರದ್ದಿಗೆ..."

"ಮಮ್ಮೀ, ಯೇ ಕ್ಯಾ ಕಿಯಾ ತುಮ್‌ನೇ!" ಸಿಟ್ಟು ಬಂದರೆ ಅವಳ ಬಾಯಲ್ಲಿ ಹಿಂದಿಯೇ ಬರುವುದು.

ಟೀಚರ್ ಫೋನ್ ತೆಗೆದುಕೊಂಡರು. ಎರಡೂ ಪುಸ್ತಕದಲ್ಲಿ ಒಂದೇ ಕೈಬರಹ ನೋಡಿ ಅಲ್ಲಿನ ಪ್ರೊಫೆಸರ್ ಕೇಳಿದ್ದಾರೆ. ಹದಿನಾರನೇ ದಿನ ಕಲ್ಯಾಣದಲ್ಲಿ ಮಳೆಯೇ ಬಂದಿಲ್ಲ ಎಂದು ಹುಡುಗಿ ಬಾಯಲ್ಲಿ ಹೇಳುತ್ತಾಳೆ, ಪುಸ್ತಕದಲ್ಲಿ ಇಪ್ಪತ್ತಿದೆ. "ಇಪ್ಪತ್ತು ಯಾರು ಬರೆದ್ರು?"

"ನಾನೇ."

"ಯಾಕೆ?"

"ಸೊನ್ನೆ ನೋಡಿ ಅವಳಿಗೆ ಬೈತೀರೇನೋ ಅಂತ..."

"ಅವರಿಗೆ ಬೇಕಾಗಿದ್ದೇ ಆ ಸೊನ್ನೆ" ಎಂದರು ಟೀಚರ್. "ಇಷ್ಟು ಹತ್ತಿರದಲ್ಲೂ ಮಳೆ ಹೇಗೆ ಬೇರೆಯಾಗ್ತದೆ ಅಂತ ನೋಡೋದಕ್ಕೇ ಅಲ್ವಾ ಇದೆಲ್ಲ. ನಾಲ್ಕು ಗಂಟೆವರೆಗೆ ಕೂತಿರ್ತಾರೆ. ಹೇಗಾದ್ರೂ ಮಾಡಿ ತನ್ನಿ."

ಗ್ಯಾಸ್ ಆರಿಸಿ, ಮನೆಯ ಗೌನಿನ ಮೇಲೆಯೇ ದುಪಟ್ಟಾ ಎಳೆದುಕೊಂಡು ರದ್ದಿ ಅಂಗಡಿಗೆ ಓಡಿದೆ. ಅಂಗಡಿಯವನು ತಕ್ಕಡಿ ಒರೆಸುತ್ತಿದ್ದ. "ಭಾಭೀ, ಮಾಲ್ ತೋ ಸುಬಹ್ ಕಲ್ಯಾಣ್ ಗಯಾ." ಬೆಳಿಗ್ಗೆಯೇ ಕಲ್ಯಾಣಕ್ಕೆ ಹೋಗಿದೆ. ಅಲ್ಲಿನ ಗೋಡೌನಿನ ಗುರುತು ಹೇಳಿದ. ಕಲ್ಯಾಣದಲ್ಲಿಳಿದು ರಿಕ್ಷಾದವನಿಗೆ ಆ ಗುರುತನ್ನು ಮೂರು ಸಲ ಹೇಳಿದೆ.

ಗೋಡೌನೆಂದರೆ ಮಾಡಿನವರೆಗೆ ಕಾಗದ. ಇಬ್ಬರು ಹೆಂಗಸರು ಕುಕ್ಕರಗಾಲಲ್ಲಿ ಕೂತು ಬೇರೆ ಮಾಡುತ್ತಿದ್ದರು. ನಾನು ಮರಾಠಿಯಲ್ಲಿ ತಡವರಿಸುವುದನ್ನು ನೋಡಿ ಒಬ್ಬಳು ಕೇಳಿದಳು, "ಕನ್ನಡದೋರೇನ್ರಿ? ಏನ್ ಹುಡಕ್ಲಿಕತ್ತೀರಿ ಅಕ್ಕಾ?"

ಕಲಬುರಗಿಯವರು. ಹೇಳಿದೆ. ಕೆಲಸ ಬಿಟ್ಟು ಇಬ್ಬರೂ ನನ್ನ ಜೊತೆ ಚೀಲ ಸುರುವಿದರು. ಯಾರದೋ ಮದುವೆಯ ಕಾಗದ, ಔಷಧದ ಡಬ್ಬಿ, ಮಗ್ಗಿ ಬರೆದ ಪುಸ್ತಕಗಳು. ಹೀಗೇ ಒಂದೂವರೆ ಗಂಟೆ. ಎರಡೂ ಕಾಲಿಗೆ ಬೆಕ್ಕಿನ ಚಿತ್ರ ಕಂಡಿತು. ಮಗಳ ಪುಸ್ತಕ! ಎದೆಗೊತ್ತಿಕೊಂಡು ಅತ್ತುಬಿಟ್ಟೆ. "ಇನ್ನೊಂದು ಉಂಟು, ಕ್ಯಾಲೆಂಡರಿನ ಹಾಳೆ, ಇಷ್ಟೇ ಇಷ್ಟು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂಥಾ ಸಣ್ಣ ಕಾಗದ ನಾವ್ ಇಟ್ಕೊಳ್ಳಂಗಿಲ್ರಿ ಅಕ್ಕಾ. ಚಿಂದಿ ಜೋಡಿ ಮೊದಲ್ನೇ ಗಾಡಿಗೆ ಹಾಕ್ತೀವಿ. ಹತ್ತಕ್ಕ ಹೋತದು, ಕಾರ್ಖಾನಿಗೆ."

ಆದರೂ ಇನ್ನೆರಡು ಚೀಲ ಸುರುವಿದೆ. ಗಡಿಯಾರ ನೋಡಿ ಅವಳೇ ನನ್ನ ರಟ್ಟೆ ಹಿಡಿದೆಬ್ಬಿಸಿದಳು. "ಒಂದಾರ ಮುಟ್ಟಸ್ರಿ ಮೊದ್ಲ."

ಕಲ್ಯಾಣದಿಂದ ಠಾಣೆ, ಅಲ್ಲಿ ಸೇತುವೆ ಹತ್ತಿಳಿದು ವಾಶಿ ಗಾಡಿ, ಸಾನಪಾಡಾ. ಬಾಗಿಲ ಕಂಬ ಹಿಡಿದು ನಿಂತೆ. ಕೈಯಲ್ಲಿದ್ದುದು ನನ್ನ ಮಗಳ ಪುಸ್ತಕ ಮಾತ್ರ. ಇದರ ಬದಲು ಆ ಹುಡುಗಿಯ ಕಟ್ಟು ಸಿಕ್ಕಿದ್ದರೆ ಎಂದು ಬಯಸಲು ನೋಡಿದೆ. ನಿಜ ಹೇಳಬೇಕೆಂದರೆ, ಪೂರ್ತಿಯಾಗಿ ಬಯಸಲಾಗಲಿಲ್ಲ.

ತಲುಪುವಾಗ ಮೂರು ಐವತ್ತು. ಪ್ರೊಫೆಸರ್ ನನ್ನ ವಯಸ್ಸಿನ ಹೆಂಗಸು. ಮಗಳ ಪುಸ್ತಕ ತಿರುವಿ, ಬೆಕ್ಕು ನೋಡಿ ಸಣ್ಣಗೆ ನಕ್ಕು, ಸಹಿ ಹಾಕಿದರು. ಆಮೇಲೆ ನನ್ನ ಹಿಂದೆ ಇನ್ನೇನಾದರೂ ಇದೆಯೇ ಎಂಬಂತೆ ನೋಡಿದರು. ನನ್ನ ಕಾನ್ವೆಂಟಿನ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಬೇಡಿಕೊಂಡೆ. ತಪ್ಪು ನನ್ನದು, ಹುಡುಗಿ ದಿನವೂ ಅಳೆದಿದ್ದಾಳೆ, ಬೇಕಾದರೆ ನನ್ನ ಮಗಳ ಹೆಸರು ತೆಗೆಯಿರಿ ಎಂದೆ. ಅವರು ನಾನು ಬರೆದ ಫೇರ್ ಪುಸ್ತಕವನ್ನು ಮುಚ್ಚಿ ನನ್ನ ಕಡೆ ಸರಿಸಿದರು. ಹುಡುಗಿಯನ್ನು ನಾನು ನಂಬುತ್ತೇನೆ, ಆದರೆ ನೀವು ಬರೆದ ಅಂಕಿಗೆ ಅವಳ ಅಳತೆಯೆಂದು ಸಹಿ ಹಾಕಲಾರೆ ಎಂದರು. ಮುಂದಿನ ಮಳೆಗಾಲದಲ್ಲಿ ಮತ್ತೆ ಅಳೆಯಲಿ, ಖಂಡಿತ ನೋಡುತ್ತೇವೆ.

ಮುಂದಿನ ಮಳೆಗಾಲ!

ಹುಡುಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ದೋಸೆಯ ಡಬ್ಬಿ ತೊಳೆದು, ಕರವಸ್ತ್ರದಲ್ಲಿ ಒರೆಸಿ ಪಕ್ಕಕ್ಕಿಟ್ಟಿದ್ದಳು. ನಾನು ಹೋಗಿ ಕೈ ಹಿಡಿದಾಗ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಇರ್ಲಿ ಬಿಡ್ರಿ ಆಂಟಿ. ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ."

ವಾಪಸು ಬರುವಾಗ ಮಗಳು ನನ್ನಿಂದ ದೂರ, ಆ ಹುಡುಗಿಗೆ ಒತ್ತಿ ಕೂತಳು. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಟೀಚರಿಂದ ನಂಬರ್ ತೆಗೆದುಕೊಂಡು ಹುಡುಗಿಯ ತಂದೆಗೆ ಫೋನ್ ಮಾಡಿದೆ. ಹಿಂದೆ ಮಾರ್ಕೆಟ್ಟಿನ ಗದ್ದಲ. ಎಲ್ಲ ಹೇಳಿ, ಒಂದು ವರ್ಷ ಮಾತ್ರ ತಡೆಯಿರಿ ಎಂದೆ.

"ನೀವ್ಯಾಕ ಅಳ್ತೀರಿ ಅಕ್ಕಾರ? ನಮಗೇನ್ ತಿಳೀತದ್ರಿ ಅದೆಲ್ಲ. ತಗೊಂಡಿಲ್ಲಂದ್ರ ತಗೊಂಡಿಲ್ಲ. ಊರಿಗೆ ಟಿಕೆಟ್ ಆಗ್ಯದ್ರಿ."

ನಾವು ಡೊಂಬಿವಲಿಯಲ್ಲಿ ಇಳಿದೆವು. ಟೀಚರ ಜೊತೆ ಅವಳು ಮುಂದಕ್ಕೆ ಹೋದಳು. ಕಿಟಕಿಯ ಸರಳಿನ ನಡುವಿನಿಂದ ಕೈ ಬೀಸಿದ್ದು ನನ್ನ ಮಗಳಿಗೆ; ನಾನೂ ಬೀಸಿದೆ.

ಮನೆ ಮುಟ್ಟುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಮಗಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಚಹಾ ಇಟ್ಟು ಕರೆದೆ, ಬರಲಿಲ್ಲ. ಏನು ಮಾಡಬೇಕೆಂದು ತೋಚದೆ ಹೊರಗಿನ ಮೊಗಸಾಲೆಗೆ ಬಂದು ನಿಂತೆ. ಎದುರು ಮನೆಯ ಹುಬ್ಬಳ್ಳಿಯ ಅಕ್ಕ ಸರಳಿನ ಮೇಲಿದ್ದ ಬಟ್ಟೆಗಳನ್ನು ಗಡಿಬಿಡಿಯಲ್ಲಿ ಎಳೆಯುತ್ತಿದ್ದರು. ಒಂದು ಟವೆಲ್ ಹಿಂಡಿ, ಹೊರಗೆ ಕತ್ತು ಚಾಚಿ ನೋಡಿ, ನನ್ನ ಕಡೆ ತಿರುಗಿ ನಕ್ಕರು.

"ಏನ್ ಮಳಿ ಬಂತ್ರಿ ಇವತ್ತ! ಎಷ್ಟ್ ಬಿತ್ತೋ ಏನೋ, ಯಾರ್ ಅಳೀಲಿಕ್ಕ ಹೋಗ್ತಾರ."